ಕತ್ತರಿ ಬಿದ್ದ ಬಟ್ಟೆ

"ಇವತ್ತೂ ಆಗಿಲ್ಲಂದ್ರ ಬಟ್ಟಿ ಹಂಗೇ ಕೊಡು ಜಾಹೆದಾ. ಕಹಕಶಾನ್ ಹೊಲೀತಾಳ."

ಶಶಿಕಲಾ ಟೀಚರ್ ಬಾಗಿಲಲ್ಲೇ ನಿಂತು ಕೈ ಚಾಚಿದರು. ನಾಳೆ ಗಬ್ಬೂರಿನಲ್ಲಿ ಅವರ ತಮ್ಮನ ನಿಶ್ಚಿತಾರ್ಥ. ರವಿಕೆಗೆಂದು ರೇಷ್ಮೆ ಕೊಟ್ಟು ತಿಂಗಳಾಗಿತ್ತು. ಜಾಹೆದಾ ಅದನ್ನು ಚೀಲದಿಂದ ಹೊರಗೂ ತೆಗೆದಿರಲಿಲ್ಲ. ರೇಷ್ಮೆ ಜಾರುತ್ತದೆ, ಬೆಳಿಗ್ಗೆ ತಲೆ ತಣ್ಣಗಿದ್ದಾಗ ಕತ್ತರಿಸಬೇಕು ಎಂದುಕೊಳ್ಳುತ್ತಿದ್ದಳು. ಬೆಳಿಗ್ಗೆ ಚಹಾ, ಪಾತ್ರೆ, ಫೋನು.

ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಮೈದುನನ ಹೆಂಡತಿ ಕಹಕಶಾನ್ ಹೊಲಿಯುತ್ತಿದ್ದಳು. ಮದುವೆಯಾಗಿ ಮಾನ್ವಿಗೆ ಬಂದಾಗ ಅವಳಿಗೆ ಮಷೀನು ತುಳಿಯಲು ಕಲಿಸಿದ್ದೇ ಜಾಹೆದಾ. ಈಗ ಸಿರವಾರ, ಕಲ್ಲೂರಿನ ಹೆಂಗಸರೂ ಕಹಕಶಾನಳನ್ನೇ ಕೇಳಿಕೊಂಡು ಬರುತ್ತಾರೆ. ಹಳೆಯ ಗಿರಾಕಿಗಳಲ್ಲಿ ಜಾಹೆದಾಳಿಗೆ ಉಳಿದವರು ಈ ಟೀಚರ್ ಒಬ್ಬರೇ.

"ಕತ್ರಿ ಬಿದ್ದದ ಟೀಚರ್ರೀ. ಸಂಜಿಕಿ ಬರ್ರಿ," ಎಂದಳು.

ಕತ್ತರಿ ಬಿದ್ದ ಬಟ್ಟೆಯನ್ನು ಯಾರೂ ವಾಪಸು ಒಯ್ಯುವುದಿಲ್ಲ. ಇನ್ನೊಬ್ಬರು ಕತ್ತರಿಸಿದ್ದನ್ನು ಬೇರೆ ದರ್ಜಿ ಮುಟ್ಟುವುದೂ ಇಲ್ಲ.

"ನಿನ್ನ ಸಂಜಿ ಯಾವ ವರ್ಷದ್ದವ್ವಾ? ತೋರ್ಸು, ಕಣ್ಲೆ ನೋಡ್ತೀನಿ."

ಜಾಹೆದಾ ಒಳಗೆ ಹೋಗಿ ಪರದೆ ಎಳೆದಳು. ಮಂಚದ ಮೇಲೆ ರೇಷ್ಮೆ ಹಾಸಿ, ಅಳತೆಯ ರವಿಕೆ ಇಟ್ಟು, ಕತ್ತರಿ ಹಾಕಿದಳು. ಅದು ಕರ್ರೆಂದಿತು. ಹೊರಗೆ ಕೇಳಿಸುತ್ತದೆಂದು ಕೈ ನಿಂತಿತು.

ಆಗಲೇ ಕಹಕಶಾನಳ ಮಷೀನು ಜೋರಾಗಿ ಓಡತೊಡಗಿತು.

"ಕೂಡ್ರಿ ಟೀಚರ್ರೀ. ತಮ್ಮಗ ಹೆಣ್ಣು ಯಾ ಊರಾಗ ನೋಡೀರಿ?" ಕಹಕಶಾನ್ ಮಷೀನಿನ ಸದ್ದಿನ ಮೇಲೆ ಕೇಳಿದಳು.

ಜಾಹೆದಾ ಪರದೆಯ ಸಂದಿನಿಂದ ಇಣುಕಿದಳು. ಮಷೀನಿನ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ತನ್ನ ಮರ್ಯಾದೆ ಉಳಿಸುವುದಕ್ಕೂ ಇವಳೇ ಬೇಕಾಯಿತು. ಮತ್ತೆ ಕತ್ತರಿ ಎಲ್ಲೂ ನಿಲ್ಲಲಿಲ್ಲ. ಬೆನ್ನಿನ ತುಂಡನ್ನು ತಂದು ಟೀಚರ್ ಮುಖದ ಮುಂದೆ ಹಿಡಿದಳು. ಅವರು ಗೊಣಗುತ್ತಾ ಹೋದರು.

ಮಧ್ಯಾಹ್ನದ ಊಟಕ್ಕೂ ಜಾಹೆದಾ ಮಷೀನು ಬಿಟ್ಟು ಏಳಲಿಲ್ಲ. ಹುಕ್ಕು ತಾನು ಹಾಕಿಕೊಡುವೆನೆಂದು ಕಹಕಶಾನ್ ಸೂಜಿ ದಾರ ಹಿಡಿದು ಬಂದಳು. "ಭಾಬಿ, ಹುಕ್ ಮೈ ಲಗಾದೂಂ ಕ್ಯಾ?"

"ನಕ್ಕೋ," ಬೇಡವೆಂದು ಜಾಹೆದಾ ತಾನೇ ಹುಕ್ಕು ಹಾಕಿದಳು.

ಸಂಜೆ ಟೀಚರ್ ಒಳಗೆ ಹೋಗಿ ರವಿಕೆ ತೊಟ್ಟು ಬಂದರು. ಕೈ ಎತ್ತಿದರು, ಇಳಿಸಿದರು. "ಭುಜ ಏನ್ ಕೂತದ! ಖರೇ ಹೇಳು, ಇದು ಕಹಕಶಾನ್ ಹೊಲ್ದದ್ದಲ್ಲೇನು?"

ಜಾಹೆದಾ ಆಗಲೇ ಚೀಲದಲ್ಲಿ ಬಿದ್ದಿದ್ದ ಬೇರೊಬ್ಬರ ಬಟ್ಟೆಯನ್ನು ನೆಲಕ್ಕೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು.

"ಅಲ್ರೀ, ಎಲ್ಲಾ ಭಾಬಿನೇ ಮಾಡ್ಯಾರ," ಎಂದಳು ಕಹಕಶಾನ್.

ಸೀಮೆಸುಣ್ಣ ಲಟಕ್ಕೆಂದು ಮುರಿಯಿತು. ಜಾಹೆದಾ ದೊಡ್ಡ ಚೂರನ್ನು ಎತ್ತಿಕೊಂಡು ಗೆರೆ ಮುಂದುವರಿಸಿದಳು.