ಕೇಳುವ ಪೇಪರ್

ಸಂಗೀತದ ಮೇಷ್ಟ್ರು ಅರ್ಜಿಗಳನ್ನು ಹಂಚಿದ್ದು ಸೋಮವಾರದ ಕೊನೆಯ ಪೀರಿಯಡ್ಡಿನಲ್ಲಿ. ಹಾಳೆಯ ಮೇಲೆ ಎರಡು ಚೌಕ. ಒಂದರ ಪಕ್ಕ ‘ಪ್ರಾಕ್ಟಿಕಲ್’ ಎಂದಿತ್ತು, ಇನ್ನೊಂದರ ಪಕ್ಕ ‘ಕೇಳುವ ಪೇಪರ್’. ಪ್ರಾಕ್ಟಿಕಲ್ ಆರಿಸಿಕೊಂಡವರು ಹೊರಗಿನಿಂದ ಬರುವ ಪರೀಕ್ಷಕರ ಎದುರು ಹತ್ತು ನಿಮಿಷ ತಮ್ಮ ವಾದ್ಯ ನುಡಿಸಬೇಕು. ಉಳಿದವರು ಹೆಡ್‌ಫೋನ್ ಹಾಕಿಕೊಂಡು ಆರು ತುಣುಕು ಕೇಳಿ, ಯಾವ ವಾದ್ಯ, ಯಾವ ತಾಳ, ಎಲ್ಲಿ ಬದಲಾಯಿತು ಎಂದು ಬರೆಯಬೇಕು.

“ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನೂ ಇಲ್ಲ,” ಎಂದರು ಮೇಷ್ಟ್ರು. “ನುಡಿಸೋಕೆ ಬರೋರು ನುಡಿಸಿ, ಬರದೇ ಇರೋರು ಕೇಳಿ. ಮೂರು ವರ್ಷದಿಂದ ನಿಮ್ಮನ್ನೆಲ್ಲ ನಾನು ಕೇಳಿಲ್ವಾ? ಬದುಕಿದೀನಲ್ಲ!”

ತರಗತಿ ಗೊಳ್ಳೆಂದಿತು. ಟ್ರಂಪೆಟ್ ಊದುವ ಹುಡುಗಿ ಮಾತ್ರ ಪೆನ್ನಿನ ಮುಚ್ಚಳ ತೆಗೆದಳು. ಶಾಲೆಯಲ್ಲೂ ಮನೆಯಲ್ಲೂ ಅವಳನ್ನು ಪೀಪಿ ಎಂದೇ ಕರೆಯುತ್ತಿದ್ದರು. ಬೆಲ್ ಹೊಡೆಯುವ ಮೊದಲೇ ಅವಳು ‘ಕೇಳುವ ಪೇಪರ್’ ಎಂಬ ಚೌಕದಲ್ಲಿ ಗುರುತು ಹಾಕಿ ಹಾಳೆ ಮಡಚಿಟ್ಟಳು. ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ, ತನ್ನದೇ ಹೌದು, ಆದರೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಒಂದೂವರೆ ತಿಂಗಳಿಂದ ಹೀಗೇ ಇತ್ತು.

ಅವಳಪ್ಪ ಸಿಟಿ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದು ಕನ್ನಡಿ ಕೂಡ ಒಡೆದವನಲ್ಲ. ಒಂದೂವರೆ ತಿಂಗಳ ಹಿಂದೆ, ಹಾಡುಹಗಲಲ್ಲಿ, ಒಬ್ಬ ಮುದುಕ ಸೈಕಲ್ ತುಳಿಯುತ್ತ ಹಿಂದೆಮುಂದೆ ನೋಡದೆ ಬಸ್ಸಿಗೆ ಅಡ್ಡ ತಿರುಗಿದ. ಅಪ್ಪ ಬ್ರೇಕ್ ಒತ್ತಿದ, ಹಾರ್ನ್ ಒತ್ತಿದ. ಬಸ್ಸು ನಿಂತ ಮೇಲೂ ಹಾರ್ನಿನ ಮೇಲಿನ ಕೈ ತೆಗೆದಿರಲಿಲ್ಲವಂತೆ. ಕಂಡಕ್ಟರ್ ಬಂದು ಬೆರಳುಗಳನ್ನು ಬಿಡಿಸಬೇಕಾಯಿತಂತೆ. ಮುದುಕ ಅಲ್ಲೇ ತೀರಿಕೊಂಡಿದ್ದ. ವಿಚಾರಣೆ ನಡೆಯಿತು. ಚಾಲಕನದು ತಪ್ಪಿಲ್ಲ ಎಂದು ಎರಡು ಸಾಲಿನ ಕಾಗದ ಬಂತು. ಅಪ್ಪ ಅದನ್ನು ಓದಿ, ಗಡಿಯಾರದ ಹಿಂದೆ ಸಿಕ್ಕಿಸಿ, ಮತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತ. ರಜೆಯಲ್ಲಿದ್ದರೂ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಗಡ್ಡ ಬೋಳಿಸಿಕೊಂಡು ಕೂರುತ್ತಿದ್ದ. ಮಾತು ಹೂಂ, ಉಹೂಂಗಳಿಗೆ ಇಳಿದಿತ್ತು. ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅಮ್ಮ ಆಡುವ ಮಾತನ್ನೆಲ್ಲ ಅಲ್ಲೇ ಆಡಿ ಮುಗಿಸಿ ಮನೆಗೆ ಬರುತ್ತಿದ್ದಳು.

ಅಪಘಾತದ ನಂತರ ಪೀಪಿ ಮೊದಲ ಸಲ ಟ್ರಂಪೆಟ್ ಹೊರತೆಗೆದ ದಿನ, ಮೂರನೆಯ ಸ್ವರಕ್ಕೆ ಅಪ್ಪ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ಪೂರ್ತಿ ಬಿಟ್ಟ ಸದ್ದು ಕೇಳಿಸಿತು. ಅವಳು ಊದುವುದು ನಿಲ್ಲಿಸಿದಾಗ ನಲ್ಲಿಯೂ ನಿಂತಿತು. ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಅವಳು ಬೇಕೆಂದೇ ಮೆಲ್ಲಗೆ, ಒಂದೇ ಒಂದು ಸ್ವರ ಊದಿದಳು. ಮತ್ತೆ ನಲ್ಲಿಯ ಸದ್ದು. ಟ್ರಂಪೆಟ್ಟನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದಳು.

ವಾರದ ಮೇಲೆ ಮೆಟ್ಟಿಲಲ್ಲಿ ಸಿಕ್ಕ ಪಕ್ಕದ ಮನೆಯ ಆಂಟಿ, “ಏನಮ್ಮಾ, ನಿಮ್ಮ ಮನೆ ಬ್ಯಾಂಡ್ ಸೆಟ್ ಮುಚ್ಚಿಬಿಟ್ರಾ? ನಮ್ಮೆಜಮಾನ್ರಿಗೆ ಮಧ್ಯಾಹ್ನ ಸುಖವಾಗಿ ನಿದ್ದೆ ಬರ್ತಿದೆ, ಪಾಪ ಅಭ್ಯಾಸ ತಪ್ಪಿಹೋಗಿತ್ತು,” ಎಂದು ನಕ್ಕಳು. ಪೀಪಿಯೂ ನಕ್ಕಳು. ನಗಬೇಕಾದಲ್ಲಿ ನಗುವುದು ಅವಳಿಗೆ ಇನ್ನೂ ಮರೆತಿರಲಿಲ್ಲ.

ಅರ್ಜಿಗೆ ಸಹಿ ಹಾಕುವಾಗ ಅಮ್ಮ ಕೇಳಿದಳು: “ಕೇಳೋ ಪೇಪರ್ ಅಂತಿದೆಯಲ್ಲೇ. ನೀನು ಊದೋದಿಲ್ವಾ?”

“ಇದು ಸುಲಭ ಅಮ್ಮ.”

ಅಮ್ಮ ತಲೆಯೆತ್ತಿ ಮಗಳನ್ನು ನೋಡಿದಳು, ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡಿದಳು. ನಲ್ಲಿಯ ಸದ್ದು ಅವಳಿಗೂ ಕೇಳಿಸಿತ್ತು. ಸಹಿ ಹಾಕಿದಳು.

ಮೇಷ್ಟ್ರು ಮಾತ್ರ ಬಿಡಲಿಲ್ಲ. “ಏನೇ ಇದು? ತಪ್ಪು ಚೌಕಕ್ಕೆ ಗುರುತು ಹಾಕಿದೀಯ.”

“ತಪ್ಪಲ್ಲ ಸರ್.”

“ಇಡೀ ಸ್ಕೂಲಲ್ಲಿ ಅದನ್ನ ನೆಟ್ಟಗೆ ಊದೋಕೆ ಬರೋದು ನಿನಗೊಬ್ಬಳಿಗೆ. ಉಳಿದವರು ಊದಿದ್ರೆ ಎಮ್ಮೆ ಕೂಗಿದ ಹಾಗಿರುತ್ತೆ. ಟ್ರಂಪೆಟ್ ಸ್ಕೂಲಿಂದು, ಗೊತ್ತಲ್ಲ? ಪ್ರಾಕ್ಟಿಕಲ್ ಇಲ್ಲ ಅಂದ್ರೆ ವಾಪಸ್ ಕೊಡಬೇಕಾಗುತ್ತೆ.”

“ಗೊತ್ತು ಸರ್.”

ಶುಕ್ರವಾರ ತಂದುಕೊಟ್ಟಳು. ಮೇಷ್ಟ್ರು ಪೆಟ್ಟಿಗೆ ತೆರೆದು ಬಾಯಿಗಿಡುವ ತುಂಡು, ಎಣ್ಣೆಯ ಶೀಶೆ, ಒರೆಸುವ ಬಟ್ಟೆ ಎಲ್ಲ ಇವೆಯೇ ನೋಡಿ, ರಿಜಿಸ್ಟರಿನಲ್ಲಿ ಅವಳ ಸಹಿ ತೆಗೆದುಕೊಂಡರು. ಅವಳು ಅಳು ಬರಬಹುದೆಂದು ಕಾರಿಡಾರಿನ ಕೊನೆಯಲ್ಲಿ ಸ್ವಲ್ಪ ಹೊತ್ತು ನಿಂತಳು. ಬರಲಿಲ್ಲ. ಮನೆಗೆ ಹೋದಳು.

ಹನ್ನೊಂದು ದಿನಗಳ ನಂತರ, ಮನಸ್ಸು ತಡೆಯದೆ ಮೇಷ್ಟ್ರು ಅವಳ ಮನೆಗೆ ಫೋನ್ ಮಾಡಿದರು. ಎತ್ತಿದ್ದು ಅಪ್ಪ. ಆ ಸಂಜೆ ಅವಳು ಬಂದಾಗ ಅಪ್ಪ ಕುರ್ಚಿಯಲ್ಲಿರಲಿಲ್ಲ, ಬಾಗಿಲಲ್ಲೇ ನಿಂತಿದ್ದ.

“ಟ್ರಂಪೆಟ್ ಎಲ್ಲಿ?”

“ವಾಪಸ್ ಕೊಟ್ಟೆ.”

“ಮನೇಲಿ ಇಲ್ಲ ಅಂತ ನನಗೆ ಗೊತ್ತೇ ಆಗಲಿಲ್ಲ.” ಆಮೇಲೆ ಕೇಳಿದ: “ನನ್ನಿಂದಾನಾ?”

“ಇಲ್ಲಪ್ಪ. ಕೇಳೋ ಪೇಪರ್ ಸುಲಭ.”

“ಸುಳ್ಳು ಹೇಳಬೇಡ ಮಗಳೇ.”

“ಹೂಂ. ನಿನ್ನಿಂದಾನೇ,” ಎಂದಳು. ಗಂಟೆ ಎಷ್ಟೆಂದು ಕೇಳಿದವರಿಗೆ ಉತ್ತರ ಹೇಳುವ ದನಿಯಲ್ಲಿ.

ಅಪ್ಪ ತನ್ನ ಬಲಗೈ ನೋಡಿಕೊಂಡ. “ಆ ಸದ್ದು ಶುರುವಾದ್ರೆ ಕೈ ತಾನಾಗೇ ಮುಂದಕ್ಕೆ ಹೋಗುತ್ತೆ. ಒತ್ತೋಕೆ. ಇಲ್ಲಿ ಹಾರ್ನ್ ಇಲ್ಲ ಅಂತ ಗೊತ್ತು. ಆದರೂ ಹೋಗುತ್ತೆ. ಅದಕ್ಕೇ ನೀರಿನ ಕೆಳಗೆ ಹಿಡೀತಿದ್ದೆ.”

ಈ ಮಾತನ್ನು ಅವನು ವಿಚಾರಣೆಯವರಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಪೀಪಿ ಶೂ ಬಿಚ್ಚಿ ಒಳಗೆ ಹೋದಳು.

ಮರುದಿನ ಅಪ್ಪ ಶಾಲೆಗೆ ಬಂದ. ನಾಲ್ಕು ಸ್ಟಾಪಿನ ದಾರಿ. ಬಸ್ ಹತ್ತದೆ ನಡೆದೇ ಬಂದಿದ್ದ. ಆಫೀಸಿನ ಕಿಟಕಿಯಲ್ಲಿ ಗುಮಾಸ್ತೆಯ ಮುಂದೆ ನಿಂತು ಅವನು ಮಾತಾಡುತ್ತಿದ್ದುದು ಪಕ್ಕದ ತರಗತಿಯಲ್ಲಿದ್ದ ಅವಳಿಗೆ ಕೇಳಿಸುತ್ತಿತ್ತು.

“ಒಂದು ಗುರುತು ತಾನೇ ಮೇಡಂ? ಈ ಚೌಕದಿಂದ ಆ ಚೌಕಕ್ಕೆ.”

“ಪರೀಕ್ಷೆ ಬೋರ್ಡಿಗೆ ಪಟ್ಟಿ ಹೋಗಿ ಆರು ದಿನ ಆಯ್ತಲ್ಲ. ನನ್ನ ಕೈಲಿದ್ದಿದ್ರೆ ನೀವು ಕೇಳೋ ಮೊದಲೇ ಹಾಕ್ತಿದ್ದೆ.”

“ಮಗು ಚೆನ್ನಾಗಿ ಊದುತ್ತೆ.”

“ಗೊತ್ತು. ನಮಗೂ ಕಿವಿ ಇದೆ.”

ವಿರಾಮದ ಹೊತ್ತಿಗೆ ಅವನು ಆಫೀಸಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಅವಳು ಹೋಗಿ ಪಕ್ಕದಲ್ಲಿ ಕುಳಿತಳು.

“ಆಗಲ್ವಂತೆ,” ಎಂದ.

“ಕೇಳಿಸ್ತು.”

“ನಾನು ಮೊದಲೇ ಹೇಳಬೇಕಿತ್ತು.”

“ನಾನೂ,” ಎಂದಳು. ಬೆಲ್ ಹೊಡೆಯುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು. ಅವನು ಮತ್ತೆ ನಡೆದೇ ಮನೆಗೆ ಹೋದ.

ಪರೀಕ್ಷೆ ನಡೆದದ್ದು ಕಂಪ್ಯೂಟರ್ ಕೋಣೆಯಲ್ಲಿ. ಹೆಡ್‌ಫೋನಿನ ಒಂದು ಕಡೆಯ ಸ್ಪಂಜು ಕಿತ್ತುಹೋಗಿತ್ತು, ಪ್ಲಾಸ್ಟಿಕ್ ಕಿವಿಗೆ ಒತ್ತುತ್ತಿತ್ತು. ಮೊದಲ ಮೂರು ತುಣುಕುಗಳಿಗೆ ಸಲೀಸಾಗಿ ಬರೆದಳು. ನಾಲ್ಕನೆಯದರಲ್ಲಿ ಪಿಟೀಲುಗಳು ನಿಂತವು. ಆಮೇಲೆ ಯಾರೋ ಉಸಿರೆಳೆದುಕೊಂಡ ಸಣ್ಣ ಸದ್ದು. ಸ್ವರ ಬರುವ ಮೊದಲೇ ಅವಳು ‘ಟ್ರಂಪೆಟ್’ ಎಂದು ಬರೆದಾಗಿತ್ತು. ತುಟಿಗಳು ತಾವಾಗಿ ಬಿಗಿದುಕೊಂಡು ಹಲ್ಲಿಗೆ ಒತ್ತಿದವು, ಮೂರು ಬೆರಳು ಮೇಜಿನ ಮೇಲೆ ಮೇಲೆಕೆಳಗೆ ಆಡಿದವು. ಅಷ್ಟರಲ್ಲಿ ಐದನೆಯ ತುಣುಕು ಶುರುವಾಯಿತು.

ನೂರಕ್ಕೆ ಎಂಬತ್ತೊಂಬತ್ತು ಬಂತು. ಮೇಷ್ಟ್ರು, “ಒಳ್ಳೆ ಕಿವಿ,” ಎಂದಷ್ಟೇ ಹೇಳಿದರು. ಮುಂದಿನ ವರ್ಷಕ್ಕೆ ಅವಳು ಸಂಗೀತ ಬಿಟ್ಟು ಭೂಗೋಳ ತೆಗೆದುಕೊಂಡಳು. ಟ್ರಂಪೆಟ್ ಏಳನೆಯ ತರಗತಿಯ ಒಬ್ಬಳ ಪಾಲಾಯಿತು. ಅವಳು ಕಾರಿಡಾರಿನಲ್ಲಿ ಊದುವಾಗ ಪೀಪಿ ಕಿವಿಗೊಟ್ಟು ಕೇಳುತ್ತಲೂ ಇರಲಿಲ್ಲ, ದಾರಿ ಬದಲಿಸುತ್ತಲೂ ಇರಲಿಲ್ಲ.

ಅಪ್ಪನನ್ನು ಡಿಪೋದವರು ಬಸ್ ತೊಳೆಯುವ ವಿಭಾಗಕ್ಕೆ ಹಾಕಿದರು. ಒಂದು ಸಂಜೆ ಊಟಕ್ಕೆ ಕುಳಿತಾಗ ಅವನಾಗೇ ಬಾಯಿಬಿಟ್ಟ: “ಇವತ್ತು ಒಂದು ಗಾಡಿ ತೊಳೆಯೋ ಜಾಗದಿಂದ ಶೆಡ್ಡಿಗೆ ತಂದು ನಿಲ್ಲಿಸ್ದೆ.”

“ನೀವೇ ಓಡಿಸ್ಕೊಂಡಾ?” ಎಂದಳು ಅಮ್ಮ.

“ನಾನೇ.”

“ಎಷ್ಟು ದೂರಪ್ಪ?” ಎಂದಳು ಪೀಪಿ.

ಅಪ್ಪ ಯೋಚಿಸಿದ. “ಒಂದು ಎಂಬತ್ತು ಹೆಜ್ಜೆ ಇರಬಹುದು.”

“ನಾಳೇನೂ ತರ್ತೀಯಾ?”

“ನೋಡೋಣ,” ಎಂದು ಅವನು ತಟ್ಟೆ ಮುಂದಕ್ಕೆ ಚಾಚಿದ. ಅಮ್ಮ ಇನ್ನೊಂದು ಸೌಟು ಬಡಿಸಿದಳು.