ಬೇಲಿಯಾಚೆ ಸುರಿದದ್ದು

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ಗೆ ಬಂದ ಎರಡನೆಯ ವರ್ಷ, 2005ರ ಮೇ ತಿಂಗಳಲ್ಲಿ, ಇಂದುಮತಿ ಬಾಡಿಗೆ ಮನೆಯ ಹಿತ್ತಲಲ್ಲಿ ಮೊಣಕಾಲೆತ್ತರದ ರೆಡ್‌ಬಡ್ ಸಸಿ ನೆಟ್ಟಳು. ಎಲೆ ಮೂಡುವ ಮೊದಲೇ ಬರಿಯ ಕೊಂಬೆಯ ತೊಗಟೆ ಸೀಳಿಕೊಂಡು ಗುಲಾಬಿ ಬಣ್ಣದ ಹೂ ಬಿಡುವ ಮರ ಅದು. ಚಳಿಗಾಳಿ ತಾಗದಿರಲೆಂದು ಬಿಸಿಲು ಬೀಳುವ ಗೋಡೆಯ ಪಕ್ಕ, ನೀರು ನಿಲ್ಲದಿರಲೆಂದು ಗುಂಡಿಗೆ ಜಲ್ಲಿ ಬೆರೆಸಿ ನೆಟ್ಟಿದ್ದಳು.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡಿದರೆ ಎಲೆಗಳಲ್ಲಿ ಬರೀ ನರ ಉಳಿದಿತ್ತು. ಕಾಂಡದ ತುಂಬ ಬೆರಳುದ್ದದ ಕಂದು ಹುಳುಗಳು, ಚಿಪ್ಪಿಲ್ಲದ ಬಸವನಹುಳುಗಳು. ಒಂದನ್ನು ಕೀಳಲು ಹೋದವಳ ಬೆರಳಿಗೆ ಲೋಳೆ ಮೆತ್ತಿಕೊಂಡಿತು. ಮೂರು ಸಲ ಸೋಪು ಹಚ್ಚಿದರೂ ಹೋಗಲಿಲ್ಲ. ಅಂದು ಅವಳಿಗೆ ಊಟ ಸೇರಲಿಲ್ಲ.

ಪಕ್ಕದ ಮನೆಯ ಗುನ್ವೊರ್, ಎಪ್ಪತ್ತು ದಾಟಿದ ಒಂಟಿ ಹೆಂಗಸು, ಆ ಹುಳುಗಳನ್ನು ಕತ್ತರಿಯಿಂದ ತುಂಡು ಮಾಡುತ್ತಿದ್ದಳು. ಅದನ್ನು ಕೇಳಿ ಇಂದುಮತಿಯ ಗಂಡ ಮಹಾಬಲೇಶ್ವರ ಮುಖ ಕಿವುಚಿದ.

"ನಮ್ಮನೇಲಿ ಆ ಪಾಪ ಎಲ್ಲ ಬೇಡ. ನಾನು ಹ್ಯಾಂಡಲ್ ಮಾಡ್ತೀನಿ ಬಿಡು."

ದಿನಾ ಐದಕ್ಕೆದ್ದು, ಕೈಗವಸು ಹಾಕಿಕೊಂಡು, ಬಕೆಟ್ಟಿಗೆ ಹುಳು ತುಂಬಿಕೊಂಡು ಹೋಗುತ್ತಿದ್ದ. ಕಾಡಿಗೆ ಬಿಟ್ಟು ಬರುತ್ತೇನೆ ಎನ್ನುತ್ತಿದ್ದ. ಆಫೀಸಿನ ಫೀಕಾ ಎಂಬ ಕಾಫಿ ಬಿಡುವಿನಲ್ಲೂ ಇದನ್ನೇ ಹೇಳಿ ಹೊಗಳಿಸಿಕೊಂಡಿದ್ದ. ಇಂದುಮತಿಗೂ ಹೆಮ್ಮೆಯೇ.

ಒಂದು ದಿನ ಬೇಗ ಎಚ್ಚರವಾಗಿ ಅವಳು ಅಡುಗೆಮನೆಯ ಕಿಟಕಿಗೆ ಬಂದಳು. ಗಂಡ ಅತ್ತಿತ್ತ ನೋಡಿ, ಬಕೆಟ್ಟನ್ನು ಬೇಲಿಯ ಮೇಲಿಂದ ಗುನ್ವೊರ್‌ಳ ಸ್ಟ್ರಾಬೆರಿ ಪಾತಿಗೆ ಕವುಚಿದ. ತಳಕ್ಕೆ ಅಂಟಿದ್ದವನ್ನು ಕುಟ್ಟಿ ಕುಟ್ಟಿ ಉದುರಿಸಿದ. ಒಳಗೆ ಬಂದು ಸ್ನಾನ ಮಾಡಿ ದೀಪ ಹಚ್ಚಿದ.

"ಅವರ ಪಾತಿಗೆ ಸುರಿದ್ರಲ್ಲ?" ಎಂದಳು.

"ಅವಳು ಹೆಂಗೂ ಕೊಲ್ತಾಳೆ. ನಮಗೇನು ಅಂಟಲ್ಲ," ಎಂದ, ವಿಭೂತಿ ಹಚ್ಚಿಕೊಳ್ಳುತ್ತಾ.

ಇಂದುಮತಿ ಚಪ್ಪಲಿ ಮೆಟ್ಟಿ ನೇರ ಪಕ್ಕದ ಮನೆಗೆ ಹೋಗಿ, ಬಂದಷ್ಟು ಸ್ವೀಡಿಷ್‌ನಲ್ಲಿ ಕ್ಷಮೆ ಕೇಳಿದಳು.

"ನನಗೆ ಗೊತ್ತು. ಮೂರು ವಾರದಿಂದ ನೋಡುತ್ತಿದ್ದೇನೆ," ಎಂದಳು ಗುನ್ವೊರ್. "ನಿಮ್ಮ ಧರ್ಮದಲ್ಲಿ ಹಾಗೆ ಮಾಡಬೇಕೇನೋ ಅಂದುಕೊಂಡೆ."

ಇಂದುಮತಿಗೆ ತಲೆ ಎತ್ತಲಾಗಲಿಲ್ಲ. ಇನ್ನೊಂದು ಕತ್ತರಿ ಇದ್ದರೆ ಕೊಡಿ ಎಂದಳಷ್ಟೆ. ಮೊದಲನೆಯ ಹುಳುವಿನ ಒಳಗಿನದೆಲ್ಲ ಹೊರಬಂದಾಗ ಬೇಲಿಯ ಬುಡದಲ್ಲಿ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಮತ್ತೆ ಕೂತಳು. ಅಂದಿನಿಂದ ಎರಡು ಹಿತ್ತಲಿನ ಹುಳುಗಳನ್ನೂ ಇಬ್ಬರೂ ಸೇರಿ ಕೊಂದರು. ಅದು ಅವಳಿಗೆ ಕೊನೆಯವರೆಗೂ ರೂಢಿಯಾಗಲಿಲ್ಲ.

"ಆ ಕೈಯಲ್ಲಿ ಅಡುಗೆ ಮಾಡ್ತೀಯಾ? ನಾನಂತೂ ತಿನ್ನಲ್ಲ," ಎಂದ ಮಹಾಬಲೇಶ್ವರ.

"ಬೇಡದಿದ್ರೆ ಬಿಡಿ."

ಎರಡು ದಿನ ಬ್ರೆಡ್ಡು ತಿಂದ. ಮೂರನೆಯ ದಿನ ಸಾರಿನ ಒಗ್ಗರಣೆ ಬೀಳುತ್ತಲೇ ಬಂದು, ಏನೂ ಆಗದವನಂತೆ ತಟ್ಟೆ ಮುಂದಿಟ್ಟುಕೊಂಡ. ಬೆರಳು ನೆಕ್ಕುತ್ತಾ ಇನ್ನಷ್ಟು ಬಡಿಸೆಂದ. ಅವನನ್ನು ನೋಡುತ್ತಾ ಇಂದುಮತಿಗೆ ಹುಳುಗಳ ಮೇಲೂ ಹುಟ್ಟದಷ್ಟು ಹೇಸಿಗೆ ಹುಟ್ಟಿತು.

ಆಗಸ್ಟ್ ಹೊತ್ತಿಗೆ ಸಸಿ ಮತ್ತೆ ಚಿಗುರಿತು. ಮೂರು ಚಳಿಗಾಲ ಅದಕ್ಕೆ ಗೋಣಿ ಸುತ್ತಿದಳು. 2008ರ ಮೇ ತಿಂಗಳಲ್ಲಿ ಬುಡದಿಂದ ತುದಿಯವರೆಗೆ ಹೂ ಬಿಟ್ಟಿತು. ಗುನ್ವೊರ್ ಬಂದು, ಮುಟ್ಟಿ ನೋಡಿ, ತುಂಬ ಹೊತ್ತು ಕೂತಿದ್ದಳು. ಒಳಗಿನಿಂದ ಗಂಡ ಊಟಕ್ಕೆ ಕರೆದ.

"ಬಡಿಸಿಟ್ಟಿದೀನಿ, ನೀವು ಮಾಡಿ," ಎಂದಳು ಇಂದುಮತಿ. ಅವನೆದುರು ಕೂತು ಉಣ್ಣುವುದನ್ನು ಅವಳು ಬಿಟ್ಟು ಮೂರು ವರ್ಷವಾಗಿತ್ತು.