ಕಣ್ಣಳತೆಯ ಟೈಲರು

ನದಿ ಊರೊಳಗೆ ಬಂದು ಹೋಗಿ ನಾಲ್ಕು ತಿಂಗಳಾದ ಮೇಲೆ ಟೈಲರು ತನ್ನ ಅಂಗಡಿಯ ಶಟರ್ ಎತ್ತಿದ. ಎತ್ತಿದ ಅನ್ನುವುದಕ್ಕಿಂತ ಅದರ ಜೊತೆ ಗುದ್ದಾಡಿದ ಅನ್ನಬೇಕು. ಕೆಳಗಿನ ಪಟ್ಟಿಗಳು ಕೆಸರಿನ ಭಾರಕ್ಕೆ ಒಳಕ್ಕೆ ಬಾಗಿದ್ದವು. ಎದುರಿನ ಬೇಕರಿಯವನು ಓಡಿ ಬಂದು ಹೆಗಲು ಕೊಟ್ಟ. ಶಟರ್ ಕಿರುಚಿಕೊಂಡು ಎದೆಮಟ್ಟಕ್ಕೆ ಬಂದು ಅಲ್ಲೇ ನಿಂತಿತು.

“ಇಷ್ಟು ಸಾಕು ಬಿಡು ಮಾರಾಯ,” ಅಂದ ಬೇಕರಿಯವನು. “ಬರೋರೆಲ್ಲ ತಲೆ ಬಗ್ಗಿಸ್ಕೊಂಡು ಬರ್ತಾರೆ. ನಿನಗೂ ಒಂದು ಮರ್ಯಾದೆ.”

ಮೂರು ಮೆಷಿನ್‌ಗಳಲ್ಲಿ ಎರಡು ತುಕ್ಕಿನ ಪಾಲಾಗಿದ್ದವು. ಉಳಿದೊಂದನ್ನು ಟೈಲರು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಒಂದೊಂದೇ ಹಲ್ಲು ಉಜ್ಜಿ ಬದುಕಿಸಿದ್ದ. ಕತ್ತರಿಸುವ ಮೇಜು ಊದಿಕೊಂಡು ಪದರ ಬಿಟ್ಟಿತ್ತು. ಅದರ ಬದಲು ಬಿದ್ದ ಮನೆಯೊಂದರ ಬಾಗಿಲನ್ನು ಅಡ್ಡ ಹಾಸಿಕೊಂಡ. ಬೀಗ ಇದ್ದ ಜಾಗದಲ್ಲಿ ತೂತು. ಸೀಮೆಸುಣ್ಣ ಇಟ್ಟಾಗಲೆಲ್ಲ ಅದರೊಳಗೆ ಇಳಿದುಹೋಗುತ್ತಿತ್ತು.

ಹೆಂಡತಿಯ ಅಣ್ಣ ದೂರದ ದೊಡ್ಡ ಬಟ್ಟೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. “ಕಟಿಂಗ್ ಟೇಬಲ್‌ನಲ್ಲಿ ಒಂದು ಜಾಗ ಹಿಡಿದಿಟ್ಟಿದ್ದೀನಿ, ಸೋಮವಾರದವರೆಗೆ ಮಾತ್ರ,” ಎಂದಿದ್ದ. ಗಂಡ ಹೆಂಡತಿ ಕೂತು ಮಾತಾಡಿದ್ದರು. ಮಾತಾಡಿದ್ದು ಕಡಿಮೆ, ಕೂತಿದ್ದೇ ಹೆಚ್ಚು. ಕೊನೆಗೆ ತೀರ್ಮಾನ ಇಷ್ಟು: ಮೊದಲು ಒಂದು ಎಂಟು ಬಟ್ಟೆ ಹೊಲಿದು ಕೊಡುವುದು. ತೊಟ್ಟವರು ಎರಡನೇ ಬಟ್ಟೆ ಹಿಡಿದು ಬಂದರೆ ಅಂಗಡಿ ಉಳಿಯಿತು. ಬರದಿದ್ದರೆ ಶಟರ್ ಎಳೆದು ಬಸ್ಸು ಹತ್ತುವುದು.

ಎಂಟು ಬಟ್ಟೆ ಬಂದವು. ಮೊದಲು ಬಂದ ಮೇಷ್ಟ್ರು ತೂಗುತ್ತಿದ್ದ ಶಟರ್ ಕೆಳಗೆ ನುಸುಳಿ, ಶರ್ಟಿನ ಬಟ್ಟೆ ಕೊಟ್ಟು, ಅಳತೆಗೆಂದು ಎರಡೂ ತೋಳು ಚಾಚಿದರು.

“ಕೈ ಇಳಿಸಿ ಮೇಷ್ಟ್ರೇ. ನಿಮ್ಮ ಅಳತೆ ನಿಮಗಿಂತ ನನಗೇ ಚೆನ್ನಾಗಿ ಗೊತ್ತು.”

ಅದು ಜಂಬವಲ್ಲ, ಅವನ ಕಸುಬಿನ ರೀತಿಯೇ ಹಾಗೆ. ಒಬ್ಬರನ್ನು ಒಮ್ಮೆ ಅಳೆದರೆ ಮುಗಿಯಿತು. ಆಮೇಲೆ ಟೇಪು ಮುಟ್ಟುತ್ತಿರಲಿಲ್ಲ, ಪುಸ್ತಕದಲ್ಲಿ ಬರೆದಿಡುತ್ತಲೂ ಇರಲಿಲ್ಲ. ಊರು ಅವನನ್ನು ಕಣ್ಣಳತೆ ಎಂದೇ ಕರೆಯುತ್ತಿತ್ತು. ನೀರು ಎಲ್ಲ ಒಯ್ದರೂ ತಲೆಯೊಳಗಿನ ಅಂಗಡಿಗೆ ಕೈ ಹಾಕಲಾಗಲಿಲ್ಲವಲ್ಲ ಎಂಬುದೊಂದೇ ಅವನಿಗಿದ್ದ ಧೈರ್ಯ.

ಗುರುವಾರ ಎಂಟೂ ಬಟ್ಟೆ ಮನೆ ಸೇರಿದವು. “ಚೆನ್ನಾಗಿದೆ” ಎಂದರು ಎಲ್ಲರೂ. ಶುಕ್ರವಾರ ಯಾರೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಮೇಷ್ಟ್ರು ಅಂಗಡಿಯ ಮುಂದೆ ಹಾದುಹೋದರು, ಹೊಸ ಶರ್ಟು ತೊಟ್ಟು. ಟೈಲರು ಬಗ್ಗಿ ನೋಡಿದ. ಮುಂದಿನಿಂದ ಎಲ್ಲ ಸರಿ. ಅವರು ದಾಟಿದ ಮೇಲೆ ಬೆನ್ನು ಕಂಡಿತು. ಬೆನ್ನ ನಡುವೆ ಬಟ್ಟೆ ಮಡಿಚಿ ನಾಲ್ಕು ಪಿನ್ನು ಸಾಲಾಗಿ ಚುಚ್ಚಿದ್ದರು. ಎದುರಿಗೆ ಬೇಕರಿಯವನು ಹೊಸ ಅಂಗಿಯ ಮೇಲೆ ಏಪ್ರನ್ನಿನ ದಾರವನ್ನು ಎರಡು ಸುತ್ತು ಬಿಗಿದು ಕಟ್ಟಿದ್ದ. ಹೆಗಲು ಜಾರಿ ತೋಳು ಬೆರಳ ತುದಿಯವರೆಗೆ ಇಳಿದಿತ್ತು.

ಮೊದಲಾಗಿದ್ದರೆ ಕಾಲರು ಅರ್ಧ ಬೆರಳು ಆಚೀಚೆ ಆದರೂ ಇದೇ ಬೇಕರಿಯವನು ರಸ್ತೆ ದಾಟುವ ಮುಂಚೆಯೇ ಬೈಯಲು ಶುರುಮಾಡುತ್ತಿದ್ದ. ಈಗ ತುಟಿ ಪಿಟಕ್ ಎಂದಿರಲಿಲ್ಲ. ಬೈದಿದ್ದರೆ ಟೈಲರು ಬದುಕಿಕೊಳ್ಳುತ್ತಿದ್ದ. ಇದು ಸತ್ತವರ ಮನೆಗೆ ಹೋದವರು ಇಟ್ಟುಕೊಳ್ಳುವಂಥ ಮೌನ.

ಮಧ್ಯಾಹ್ನ ಹೆಂಡತಿ ಊಟ ತಂದಾಗ ಅವನು ಕತ್ತರಿಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದ.

“ನಿಮ್ಮಣ್ಣನಿಗೆ ಫೋನ್ ಮಾಡು. ಬರ್ತೀನಿ ಅನ್ನು.”

“ಏನಾಯ್ತು?”

“ನನ್ನ ಕೈ ಹೋಯ್ತು ಕಣೇ. ಕಣ್ಣೂ ಹೋಯ್ತು. ಎಂಟಕ್ಕೆ ಎಂಟೂ ಡೇರೆ ಹೊಲಿದಿದ್ದೀನಿ.”

ಅವಳು ಬುತ್ತಿ ಕೆಳಗಿಟ್ಟು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಕೊರಳಿನ ಟೇಪು ಎಳೆದುಕೊಂಡಳು. “ಇದನ್ನ ಹಾರದ ಹಾಗೆ ಹಾಕ್ಕೊಂಡಿರ್ತೀರಿ. ನಿಲ್ಲಿ ನೆಟ್ಟಗೆ.”

ಸೊಂಟಕ್ಕೆ ಸುತ್ತಿದಳು. “ಮೂವತ್ತೊಂದು.”

“ನಿನಗೆ ಹಿಡಿಯೋಕೆ ಬರಲ್ಲ. ನನ್ನದು ಮೂವತ್ತೈದು, ಮದುವೆಯಾದಾಗಿನಿಂದ.”

“ಹಾಗಾದ್ರೆ ನೀವೇ ಹಿಡೀರಿ.”

ಹಿಡಿದ. ಮೂವತ್ತೊಂದೇ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದು ತಾನೇ. ಹೊಡೆಯುವಾಗ ಬೆಲ್ಟು ಹಿಗ್ಗಿದೆ ಅಂದುಕೊಂಡಿದ್ದ. ಟೇಪು ಹಿಡಿದೇ ಅವನು ಹೆಂಡತಿಯ ಕಡೆ ತಿರುಗಿದ. ಅವಳ ಕೊರಳ ಕೆಳಗಿನ ಮೂಳೆಗಳು ಎದ್ದಿದ್ದವು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ದಿನಾ ಎದುರಿಗೇ ಇದ್ದವಳು. ನೀರು ಬಂದ ಮೇಲೆ ಮೂರು ತಿಂಗಳು ಶಾಲೆಯ ಹಾಲ್‌ನಲ್ಲಿ ಇನ್ನೂರು ಜನ ಒಟ್ಟಿಗೆ ಮಲಗಿ ಎದ್ದಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನೋಡಿದರೆ ಏನು ಹೋಯಿತು ಎಂದು ಕೇಳಬೇಕಾಗುತ್ತಿತ್ತು, ಕೇಳಿದರೆ ಹೇಳಬೇಕಾಗುತ್ತಿತ್ತು. ಆ ಅಭ್ಯಾಸ ಅಂಗಡಿಯವರೆಗೂ ಬಂದಿತ್ತು. ಎದುರಿಗೆ ಮೇಷ್ಟ್ರು ತೋಳು ಚಾಚಿ ನಿಂತಾಗ ಅವನು ನೋಡಿದ್ದು ನೀರು ಬರುವ ಮುಂಚಿನ ಮೇಷ್ಟ್ರನ್ನು.

“ಕಣ್ಣು ಹೋಗಿಲ್ಲ,” ಎಂದಳು ಅವಳು. “ನೋಡಿಲ್ಲ, ಅಷ್ಟೇ.”

ಭಾನುವಾರ ಟೈಲರು ಎಂಟೂ ಮನೆಗಳ ಬಾಗಿಲು ತಟ್ಟಿದ. ಎಲ್ಲರ ಮುಂದೆಯೂ ಒಂದೇ ಮಾತು: ತಪ್ಪು ನನ್ನದು, ಬಟ್ಟೆ ತನ್ನಿ. ಮೊದಲು ಬಂದವನು ಬೇಕರಿಯವನು.

“ನಿನಗೆ ಗೊತ್ತಿತ್ತಲ್ಲೋ. ಯಾಕೆ ಹೇಳಲಿಲ್ಲ?”

“ಬಟ್ಟೆ ಕೊಡುವಾಗ ನೀನು ನಗ್ತಿದ್ದೆ ಕಣಯ್ಯ. ನಾಲ್ಕು ತಿಂಗಳಾದ ಮೇಲೆ. ಅದನ್ನ ಕೆಡಿಸೋ ಪಾಪ ನನಗ್ಯಾಕೆ?”

“ಮತ್ತೆ ಎರಡನೇದು ಯಾಕೆ ತರಲಿಲ್ಲ?”

“ಇದರಲ್ಲೇ ನಾನೂ ನನ್ನ ಹೆಂಡತಿಯೂ ಸಂಸಾರ ಹೂಡಬಹುದು. ಇನ್ನೊಂದು ಹೊಲಿಸಿ ಅತ್ತೆ ಮಾವನ್ನೂ ಕರೆಸ್ಕೊಳ್ಳಲಾ?”

ಟೈಲರು ನಗಲಿಲ್ಲ. ಟೇಪು ಹಿಡಿದು ಅವನ ಎದೆ, ಹೆಗಲು, ಕುತ್ತಿಗೆ ಒಂದೊಂದಾಗಿ ಅಳೆದು ಅಂಕಿ ಗಟ್ಟಿಯಾಗಿ ಹೇಳಿದ. ಬೇಕರಿಯವನು ತನ್ನ ಅಳತೆ ಕೇಳುತ್ತ ಕೇಳುತ್ತ, ಮುಗಿಯುವ ಹೊತ್ತಿಗೆ ರಸ್ತೆಯ ಕಡೆ ಮುಖ ತಿರುಗಿಸಿ ನಿಂತಿದ್ದ. ಟೈಲರೂ ಅವಸರ ಮಾಡಲಿಲ್ಲ. ಕೊನೆಗೆ ಬೇಕರಿಯವನು ಮುಖ ಒರೆಸಿಕೊಂಡು, “ಅಷ್ಟೊಂದು ಇಳಿದಿದ್ದೀನಾ?” ಎಂದು ಕೇಳಿದ.

“ನಾನೂ ಇಳಿದಿದ್ದೀನಿ.”

ಆಮೇಲೆ ಮೇಷ್ಟ್ರು ಬಂದರು. ಪಿನ್ನು ತೆಗೆದ ಶರ್ಟಿನ ಪಕ್ಕದ ಹೊಲಿಗೆಯನ್ನು ಟೈಲರು ಒಳಕ್ಕೆ ಹಿಡಿದು ಹೊಸದಾಗಿ ಹೊಲಿದ. ಒಳಗೆ ಎರಡೂ ಕಡೆ ಎರಡೆರಡು ಇಂಚು ಬಟ್ಟೆ ಉಳಿಯಿತು. ತೊಟ್ಟು ನೋಡಿದ ಮೇಷ್ಟ್ರು ಪಕ್ಕೆ ತುರಿಸಿಕೊಂಡರು.

“ಕೂತದ್ದು ಚೆನ್ನಾಗಿ ಕೂತಿದೆ. ಒಳಗೆ ಮಾತ್ರ ಚುಚ್ಚುತ್ತೆ. ಉಳಿದಿದ್ದನ್ನ ಕತ್ತರಿಸಿಬಿಡು.”

“ಕತ್ತರಿಸಲ್ಲ ಮೇಷ್ಟ್ರೇ. ಸ್ವಲ್ಪ ದಿನ ಚುಚ್ಚಿಸ್ಕೊಳ್ಳಿ. ನೀವು ಮೈ ಕೈ ತುಂಬಿಕೊಂಡಾಗ ಬಿಚ್ಚಿ ಕೊಡ್ತೀನಿ. ಬರುವ ವರ್ಷ ಅಂತಿಟ್ಟುಕೊಳ್ಳಿ.”

ಮೇಷ್ಟ್ರು ಚೀಲದಿಂದ ಮಡಿಚಿದ ಪ್ಯಾಂಟಿನ ಬಟ್ಟೆ ತೆಗೆದು ಬಾಗಿಲ ಮೇಜಿನ ಮೇಲಿಟ್ಟು, ತೋಳು ಚಾಚಿ ನಿಂತರು.

ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ಹೆಂಡತಿಯ ಫೋನು ಬಡಿದುಕೊಂಡಿತು. ಅವಳಣ್ಣ. ಅವಳು ಫೋನು ಕಿವಿಗಿಟ್ಟು ಗಂಡನ ಕಡೆ ನೋಡಿದಳು. ಅವನು ಮೇಷ್ಟ್ರ ಸೊಂಟಕ್ಕೆ ಟೇಪು ಸುತ್ತುತ್ತಿದ್ದ.

“ಇಲ್ಲಣ್ಣಾ, ಆ ಜಾಗ ಬೇರೆಯವರಿಗೆ ಕೊಟ್ಟುಬಿಡು,” ಎಂದಳು. “ಇವರಿಗೆ ಬರುವ ವರ್ಷ ಇಲ್ಲಿ ಬಿಚ್ಚೋ ಕೆಲಸ ತುಂಬಾ ಇದೆಯಂತೆ.”